ಅಕ್ಕ ಕಟ್ಟಿದ ಎಂಜಿನ್

ಸನತ್‌ನಗರದ ನಮ್ಮ ಶೆಡ್ಡಿನಲ್ಲಿ, ಬಾಗಿಲ ಎಡಗಡೆ ಗೋಡೆಯಲ್ಲಿರುವ ಮೇನ್ ಸ್ವಿಚ್ಚಿನ ಮುಂದೆ ನಾನು ನಿಂತಿದ್ದೆ. ಶನಿವಾರ, ಮಧ್ಯಾಹ್ನ ಒಂದು ಗಂಟೆ. ಊಟಕ್ಕೆ ಕೊನೆಯಲ್ಲಿ ಏಳುವವನು ಮೇನ್ ಇಳಿಸಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಹಿಂದೊಮ್ಮೆ ಬೆಸುಗೆ ಹಾಕುವ ಕಡ್ಡಿ ಕಾದೇ ಉಳಿದು ಮೇಜೊಂದು ಸುಟ್ಟಿತ್ತು. ಇಳಿಸಿದೆ. ಫ್ಯಾನುಗಳು ನಿಧಾನವಾದವು. ಮೂಲೆಯ ಕಂಪ್ಯೂಟರಿನ ಪರದೆ ಕಪ್ಪಾದದ್ದನ್ನು ಆಮೇಲೆ ನೋಡಿದೆ.

ಅದರಲ್ಲಿ ಬೆಳಿಗ್ಗೆ ಎಂಟರಿಂದ ಒಂದು ಜಾವಾಸ್ಕ್ರಿಪ್ಟ್ ಎಂಜಿನ್ ತಯಾರಾಗುತ್ತಿತ್ತು.

ನಮ್ಮದು ವಿದ್ಯುತ್ ಬೋರ್ಡುಗಳನ್ನು ಮಾಡುವ ಸಣ್ಣ ಕಾರ್ಖಾನೆ. ಅವುಗಳನ್ನು ಪರೀಕ್ಷಿಸುವ ಯಂತ್ರಕ್ಕೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದವರು ಬೀದರಿನ ಕಡೆಯ ಒಬ್ಬ ಅಕ್ಕ. ಅವರ ತಂದೆ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಆ ಪ್ರೋಗ್ರಾಮನ್ನು ಓದಿ ನಡೆಸುವ ಎಂಜಿನ್ ಯಂತ್ರದ ಜೊತೆಗೇ ಸಿದ್ಧವಾಗಿ ಬಂದಿತ್ತು. ಅದರ ಒಳಗನ್ನು ನಾವು ಯಾರೂ ಕಂಡಿರಲಿಲ್ಲ.

ಆ ತಿಂಗಳು ಹೊಸ ಬಗೆಯ ಬೋರ್ಡು ಬಂತು. ಹಳೆಯದು ಐದು ವೋಲ್ಟಿನದು, ಇದು ಹತ್ತರದು. ಕೈ ನಡುಗದವಳು ಎಂದು ಮಾಲೀಕರು ಅದನ್ನು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳಿಗೇ ಕೊಟ್ಟರು. ಅವಳು ಬೆಸೆದ ಬೋರ್ಡುಗಳು ಒಂದರ ಹಿಂದೊಂದು ನಪಾಸಾದವು. ಶನಿವಾರ ಸಂಜೆ ಐದರೊಳಗೆ ಇದು ಸರಿಹೋಗದಿದ್ದರೆ ಸೋಮವಾರ ಬರುವುದು ಬೇಡ ಎಂದು ಮಾಲೀಕರು ಅವಳಿಗೆ ಹೇಳಿಹೋದರು.

“ಅಕ್ಕಾರೆ, ನನ್ನ ಕೈ ತಪ್ಪಿಲ್ರಿ. ಮೀಟರ್ ಹಚ್ಚಿ ನೋಡ್ರಿ,” ಎಂದಳು ಅವಳು.

ಅಕ್ಕ ಹಚ್ಚಿ ನೋಡಿದರು. ಹತ್ತು ವೋಲ್ಟು, ಸರಿಯಾಗಿಯೇ ಇತ್ತು.

“ನನ್ನ ಪ್ರೋಗ್ರಾಮ್ ಐದು ವರ್ಷದಿಂದ ನಡದೈತಿ. ತಪ್ಪು ಎಂಜಿನ್ನಿನಾಗ ಐತಿ,” ಎಂದರು. ಅದೇ ಎಂಜಿನ್ನಿನ ಮೂಲ ಬರಹ ಎಲ್ಲರಿಗೂ ಸಿಗುತ್ತದೆ. ಎಲ್ಲೆಲ್ಲೋ ಕೂತವರು ಬರೆದ ಸಾವಿರಾರು ಕಡತಗಳು. ಅದರಿಂದ ಎಂಜಿನ್ನನ್ನು ತಾವೇ ಕಟ್ಟಿ, ಒಳಗೆ ಏನು ನಡೆಯುತ್ತದೆಂದು ನೋಡುವುದು ಅವರ ಯೋಚನೆ. ಅಂಥ ಧೈರ್ಯ ನನಗೆ ಬರುತ್ತಿರಲಿಲ್ಲ.

ಆ ಶನಿವಾರ ನಾನು ಮೇನ್ ಇಳಿಸಿದಾಗ, ಕೈ ತೊಳೆದು ಒಳಗೆ ಬಂದ ಅಕ್ಕ ಪರದೆ ನೋಡಿದರು, ನನ್ನನ್ನು ನೋಡಿದರು.

“ನೀ ಇಳಿಸಿದಿ?”

“ಹೌದ್ರಿ. ರೂಢಿ.”

“ರೂಢಿ ಚಲೋದೈತಿ. ಸ್ವಿಚ್ಚಿಗೆ ಚೀಟಿ ಹಚ್ಚಬೇಕಿತ್ತು ನಾನು.”

ಬೆಸುಗೆಯವಳು ಬುತ್ತಿ ಬಿಚ್ಚುತ್ತಾ, “ಅಣ್ಣಾ, ನಿಮ್ಮ ಕೈಗೂ ಪರೀಕ್ಷಾ ಇಟ್ಟಿದ್ರ ನೀವೂ ನಪಾಸ್ ಆಕ್ಕಿದ್ರಿ,” ಎಂದಳು. ನಗಲು ನನಗೆ ಆಗಲಿಲ್ಲ.

ಮೇನ್ ಏರಿಸಿದೆ. ಮುಗಿದ ಕಡತಗಳನ್ನು ಬಿಟ್ಟು ಕೆಲಸ ಮುಂದುವರಿಯಿತು. ಎಲ್ಲವನ್ನೂ ಜೋಡಿಸುವ ಕೊನೆಯ ಹಂತದಲ್ಲಿ ನಿಂತುಬಿಟ್ಟಿತು. ಕರೆಂಟು ಹೋದ ಕ್ಷಣದಲ್ಲಿ ತಯಾರಾಗುತ್ತಿದ್ದ ಕಡತಗಳಿಗೆ ಹೆಸರು ಮಾತ್ರ ಉಳಿದಿತ್ತು, ಒಳಗೆ ಏನೂ ಇರಲಿಲ್ಲ. ಹೆಸರು ಕಂಡು ಕಂಪ್ಯೂಟರು ಅವು ಮುಗಿದಿವೆ ಎಂದುಕೊಂಡಿತ್ತು. ಎಲ್ಲ ಅಳಿಸಿ ಮೊದಲಿಂದ ಮಾಡೋಣ ಎಂದೆ. ಹಾಗೆ ಮಾಡಿದ್ದರೆ ಸಂಜೆಯ ಐದು ದಾಟಿಹೋಗುತ್ತಿತ್ತು. ಅಕ್ಕ “ತಡಿ” ಎಂದರು. ಖಾಲಿ ಕಡತಗಳನ್ನಷ್ಟೇ ಹುಡುಕಿಸಿದರು. ನಾಲ್ಕು ಸಿಕ್ಕವು. ಅವನ್ನೇ ಅಳಿಸಿ ಅವನ್ನೇ ಮತ್ತೆ ಮಾಡಿಸಿದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಂಜಿನ್ ಸಿದ್ಧವಾಯಿತು. ಎರಡು ಕೂಡು ಎರಡು ಎಂದು ಒತ್ತಿದರು. ನಾಲ್ಕು ಎಂದಿತು.

ಆಮೇಲೆ ಅದರಲ್ಲಿ ತಮ್ಮ ಪ್ರೋಗ್ರಾಮನ್ನು ಓಡಿಸಿದರು. ಬೋರ್ಡು ನಪಾಸು. ಹಳೆಯ ಎಂಜಿನ್ ಹೇಳಿದ್ದನ್ನೇ ಇದೂ ಹೇಳಿತು.

ಅಕ್ಕ ಎಂಜಿನ್ನಿನ ಮೂಲ ಬರಹದಲ್ಲಿ ಅಂಕಿಗಳನ್ನು ಸಾಲಾಗಿ ಜೋಡಿಸುವ ಭಾಗ ತೆರೆದು, ಮಾಡಿದ್ದನ್ನು ಪರದೆಗೆ ತೋರಿಸು ಎಂಬ ಒಂದು ಸಾಲು ಸೇರಿಸಿ, ಅಷ್ಟನ್ನೇ ಮತ್ತೆ ಕಟ್ಟಿ ಓಡಿಸಿದರು. ಪ್ರತಿ ಬೋರ್ಡನ್ನು ಐದು ಸಲ ಅಳೆದು, ಸಾಲಾಗಿಟ್ಟು, ನಡುವಿನದನ್ನು ಹಿಡಿಯುವುದು ಅವರ ಪ್ರೋಗ್ರಾಮಿನ ಕ್ರಮ. ಪರದೆಯ ಮೇಲೆ ಬಂದದ್ದು: 10.1, 10.2, 9.4, 9.8, 9.9. ಬೇರೆ ಹೇಳದಿದ್ದರೆ ಎಂಜಿನ್ ಅಂಕಿಗಳನ್ನೂ ನಿಘಂಟಿನ ಪದಗಳ ಹಾಗೆ ಜೋಡಿಸುತ್ತದೆ. ಒಂದರಿಂದ ಶುರುವಾಗುವ ಹತ್ತು, ಒಂಬತ್ತಕ್ಕಿಂತ ಮೊದಲು. ಹಾಗಾಗಿ ಎಲ್ಲಕ್ಕಿಂತ ಕಡಿಮೆಯ 9.4 ನಡುವೆ ಬಂದು ಕೂತಿತ್ತು; ಪಾಸಾಗಲು ಅದು ಸಾಲದು. ಐದು ವೋಲ್ಟಿನ ಬೋರ್ಡುಗಳಲ್ಲಿ ಹತ್ತರ ಮಾತೇ ಇರಲಿಲ್ಲ, ತಪ್ಪು ಕಾಣಲಿಲ್ಲ. ಇವು ಅಂಕಿಗಳು ಎಂದು ಪ್ರೋಗ್ರಾಮಿನಲ್ಲೇ ಹೇಳಬೇಕಿತ್ತು.

“ಇಷ್ಟು ಮಂದಿ ಬರೆದಿದ್ದೆಲ್ಲಾ ಬಿಚ್ಚಿ ನೋಡಿದೆ. ನನ್ನ ಒಂದು ಸಾಲು ನೋಡಲಿಲ್ಲ,” ಎಂದರು ಅಕ್ಕ.

ಆ ಸಾಲನ್ನು ಸರಿಪಡಿಸಿದರು. ಬೋರ್ಡುಗಳು ಪಾಸಾದವು. ನಾನು ಮೆಲ್ಲಗೆ, “ಮಷೀನ್ ಕೆಟ್ಟಿತ್ತು ಅಂದ್ರ ಆತು, ಅಕ್ಕಾ,” ಎಂದೆ. ಹಾಗೆ ಹೇಳಿದವನು ನಾನೇ; ಬರೆದಿಡುತ್ತೇನೆ.

“ಅದಕ್ಕ ಬಾಯಿ ಇಲ್ಲಂತ ಅದರ ಮ್ಯಾಲ ಹಾಕೂದೇನು?” ಎಂದರು ಅಕ್ಕ.

ಐದಕ್ಕೆ ಮಾಲೀಕರು ಬಂದರು. ಅಕ್ಕ ಎದ್ದು ನಿಂತು ಅವರದೇ ತೆಲುಗಿನಲ್ಲಿ ಹೇಳಿದರು: ಹುಡುಗಿಯ ಬೋರ್ಡುಗಳು ಮೊದಲಿಂದ ಸರಿ, ತಪ್ಪು ನನ್ನದು, ಐದು ವರ್ಷದ ಹಿಂದಿನದು. ಪರದೆ ತೋರಿಸಿದರು. ಮಾಲೀಕರು ಕನ್ನಡಕ ಏರಿಸಿ ಆ ಐದು ಅಂಕಿಗಳನ್ನು ಬೆರಳಿಟ್ಟು ಓದಿದರು. ಬೆಸುಗೆಯವಳ ಕಡೆ ತಿರುಗಿ, “ಸೋಮವಾರಂ ರಾ ಅಮ್ಮಾ,” ಎಂದು ಸೋಮವಾರ ಬರಲು ಹೇಳಿದರು.

ಇದನ್ನು ಕಂಡವರು ನಾವು ನಾಲ್ವರು. ಮಾಲೀಕರು ತೀರಿಕೊಂಡರು. ಅಕ್ಕ ಕುಷಾಯಿಗೂಡದ ಮನೆಯಲ್ಲಿದ್ದಾರೆ. ಬೆಸುಗೆಯವಳು ಅದೇ ಶೆಡ್ಡಿನಲ್ಲಿ ಈಗಲೂ ಕೆಲಸ ಮಾಡುತ್ತಾಳೆ. ನಾಲ್ಕನೆಯವನು ನಾನು.