ಎದ್ದು ನೋಡದೆ ಇಲ್ಲ ಅಂದವನು

ಸಹೋದ್ಯೋಗಿ ಬರೆದ ಪ್ರೋಗ್ರಾಂ ಇವತ್ತು ನೋಡಿದೆ. ಫೈಲ್ ಇದೆಯೇ ಎಂದು ಹುಡುಕದೆಯೇ ಅದು ‘ಫೈಲ್ ಇಲ್ಲ’ ಎನ್ನುತ್ತಿತ್ತು. ಮೈ ಉರಿದುಹೋಯಿತು.

ನಾನು ಚಿಕ್ಕವಳಿದ್ದಾಗ ಅವ್ವ ಮನೆಯ ಹಕ್ಕುಪತ್ರಕ್ಕಾಗಿ ನನ್ನನ್ನು ಕರೆದುಕೊಂಡು ಮೂಗೂರಿನಿಂದ ನರಸೀಪುರದ ಕಚೇರಿಗೆ ಅಲೆಯುತ್ತಿದ್ದಳು. ಎಲೆಅಡಿಕೆ ಜಗಿಯುತ್ತಿದ್ದ ಗುಮಾಸ್ತ ಪ್ರತಿ ಸಲವೂ ಕೂತಲ್ಲಿಂದಲೇ, “ನಿನ್ ಫೈಲ್ ಇಲ್ಲ ಕಣಮ್ಮ, ಓಗು” ಎನ್ನುತ್ತಿದ್ದ.

ನಾಲ್ಕನೇ ಸಲ ಅವ್ವ, “ಎದ್ದು ನೋಡ್ದೇನೇ ಇಲ್ಲ ಅಂತೀರಲ್ಲ ಸಾ!” ಎಂದವಳೇ ಒಳಗೆ ನುಗ್ಗಿ, ಫೈಲುಗಳನ್ನು ಕಟ್ಟಿಟ್ಟಿದ್ದ ಕೆಂಪು ಬಟ್ಟೆಯ ಗಂಟುಗಳನ್ನು ಬಿಚ್ಚತೊಡಗಿದಳು. ಅವಳಿಗೆ ಓದು ಬಾರದು. ದೂಳಿನಲ್ಲಿ ಕೆಮ್ಮುತ್ತಾ ನಾನೇ ಹೆಸರುಗಳನ್ನು ಓದಿದೆ.

“ಅವ್ವಾ, ಇಲ್ಲೈತೆ!”

ಗುಮಾಸ್ತನಿಗೆ ನಾಚಿಕೆಯಾಗಲಿಲ್ಲ. “ಒಳಗ್ಯಾಕ್ ಬಂದೆ?” ಎಂದು ಅವ್ವನನ್ನೇ ಗದರಿದ. ಹಕ್ಕುಪತ್ರವೇನೋ ಸಿಕ್ಕಿತು. ಆದರೆ ಅಂದು ಬಸ್ಸಿನಲ್ಲಿ ಊರು ತಲುಪುವವರೆಗೂ ಅವಳು ಗುಮಾಸ್ತನನ್ನು ಬೈಯುತ್ತಲೇ ಇದ್ದಳು.

ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಸಹೋದ್ಯೋಗಿಗೆ ಹೇಳಿಯೇಬಿಟ್ಟೆ: “ಮೊದಲು ಹುಡುಕಿಸಿ, ಆಮೇಲೆ ಇಲ್ಲ ಅನ್ನಿಸಿ.”