ನಡುಗದ ಕ್ಯಾಮೆರಾ

ನಮ್ಮ ಕಡೆ ಫೋಟೋ ತೆಗೆಯುವವನು ಕ್ಯಾಮೆರಾ ಕೊಳ್ಳುವುದು ಅಂದರೆ ಬೀಗತನ ಬೆಳೆಸಿದ ಹಾಗೆ. ಒಂದು ಕಂಪನಿಯ ಲೆನ್ಸು ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಕೂಡುವುದಿಲ್ಲ. ಹಾಗಾಗಿ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮೂವರು ಗೆಳೆಯರು, ಸಿಂದಗಿಯ ನಾನು, ಬಹಳ ವರ್ಷ ಒಂದೇ ಕಂಪನಿಗೆ ಅಂಟಿಕೊಂಡಿದ್ದೆವು. ಮದುವೆ ಸೀಜನ್ನಿನಲ್ಲಿ ಒಬ್ಬನ ಲೆನ್ಸು ಟವೆಲ್ಲಿನಲ್ಲಿ ಸುತ್ತಿಕೊಂಡು, ಕಂಡಕ್ಟರ್ ಕೈಗೆ ಬಿದ್ದು, ಬಸ್ಸಿನಲ್ಲಿ ಇನ್ನೊಬ್ಬನ ಊರಿಗೆ ಹೋಗುತ್ತಿತ್ತು. ಯಾರದು ಯಾರ ಹತ್ತಿರ ಇದೆ ಎಂದು ನಮಗೇ ನೆನಪಿರುತ್ತಿರಲಿಲ್ಲ. ಈ ಬೀಗತನವನ್ನು ಮುರಿದವನು ನಾನು.

ಕಾರಣ ನನ್ನ ಬಲಗೈ. ಮೊದಲು ಹೆಬ್ಬೆರಳು, ಸುಮ್ಮನೆ ಕೂತಾಗ, ತನ್ನಷ್ಟಕ್ಕೆ ತಾನೇ ಆಡತೊಡಗಿತು. ಆಮೇಲೆ ಮಣಿಕಟ್ಟು. ಹಳೆಯ ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟರೆ ಮದುಮಗಳ ಮೂಗುತಿ ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಅವರು ಇದಕ್ಕೊಂದು ಹೆಸರಿಡುತ್ತಾರೆ, ಹೆಸರಿಟ್ಟ ಮೇಲೆ ಅದು ಮನೆಯ ಮಂದಿಯೇ ಆಗಿಬಿಡುತ್ತದೆ ಎಂದು ಹೋಗಲಿಲ್ಲ. ಬೇರೆ ಕಸುಬು ನನಗೆ ಬರುವುದಿಲ್ಲ. ಈ ಕೈ ಹೋದರೆ ನಾನು ಏನಕ್ಕೂ ಆಗದವನು. ಆ ಭಯ ನನ್ನನ್ನು ಡಾಕ್ಟರ ಹತ್ತಿರ ಒಯ್ಯಲಿಲ್ಲ, ವಿಜಯಪುರದ ಕ್ಯಾಮೆರಾ ಅಂಗಡಿಗೆ ಒಯ್ದಿತು.

ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಗುರ. ಅದರಲ್ಲೂ ಕ್ರಾಪ್ ಸೆನ್ಸರ್ ಅನ್ನುವ, ಚಿತ್ರ ಹಿಡಿಯುವ ಫಲಕ ಚಿಕ್ಕದಿರುವವು ಇನ್ನೂ ಹಗುರ. ಅಂಗಡಿಯವನು ಮೂರು ಕಂಪನಿಯವನ್ನು ಸಾಲಾಗಿ ಇಟ್ಟ. ಮೊದಲನೆಯದು ನಮ್ಮ ಹಳೇ ಬೀಗರ ಮನೆಯದು. ಮಂದಿಯ ಕಣ್ಣು ಹುಡುಕಿ ಗಪ್ಪನೆ ಹಿಡಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಎರಡನೆಯದರ ಬಣ್ಣ ನೋಡಿ ಮನಸ್ಸು ಸೋತಿತು. ಅರಿಸಿನ ಅರಿಸಿನದಂತೆ, ಕುಂಕುಮ ಕುಂಕುಮದಂತೆ. ಮೂರನೆಯದು ನೋಡಲಿಕ್ಕೆ ಸಪ್ಪೆ. ಅದಕ್ಕೆ ಸಿಗುವ ಲೆನ್ಸುಗಳೂ ಕಡಿಮೆ, ನಮ್ಮ ನಾಲ್ಕು ತಾಲೂಕಿನಲ್ಲಿ ಅದನ್ನು ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ಆದರೆ ಅದರೊಳಗೆ ಸೆನ್ಸರ್ ತೇಲಿದ ಹಾಗೆ ಕೂತಿರುತ್ತದೆ, ಕೈ ಅಲುಗಿದಷ್ಟು ತಾನೂ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಉಳಿದೆರಡು ಕಂಪನಿಗಳಲ್ಲೂ ಅಂಥವು ಇದ್ದವು, ಬೆಲೆ ಮಾತ್ರ ನನ್ನಂಥವನು ಕೇಳುವಂಥದ್ದಲ್ಲ.

ಲೆನ್ಸಿನ ಪರೀಕ್ಷೆ ಮಾಡುವವನ ಹಾಗೆ ಗತ್ತು ಮಾಡಿ, ಕೈ ಅಲುಗಿದರೆ ಚಿತ್ರ ಕಲಸುವಷ್ಟು ಶಟರ್ ನಿಧಾನಕ್ಕೆ ಇಟ್ಟು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೂರರಲ್ಲೂ ತೆಗೆದೆ. ಎರಡರಲ್ಲಿ ತಾರೀಖುಗಳು ಕಲಸಿದ ಹಿಟ್ಟಾಗಿದ್ದವು. ಮೂರನೆಯದರಲ್ಲಿ ಏಕಾದಶಿಯ ಸಣ್ಣ ಅಕ್ಷರವನ್ನೂ ಓದಬಹುದಿತ್ತು. ಅಂಗಡಿಯವನ ಎದುರು ಕಣ್ಣಲ್ಲಿ ನೀರು ಬಂತು, ಎ.ಸಿ. ಗಾಳಿ ಎಂದು ಒರೆಸಿಕೊಂಡೆ.

ಮೂರನೆಯದನ್ನೇ ಕೊಂಡು ತಂದೆ. ಗೆಳೆಯರು ಆಡಿಕೊಳ್ಳದೆ ಬಿಡಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಬಾಗೇವಾಡಿಯವನು ನಕ್ಕ. ಮುದ್ದೇಬಿಹಾಳದವನಿಗೆ ಮಾತ್ರ ನಿಜವಾಗಿ ನೋವಾಗಿತ್ತು.

"ಯಾಕೋ, ನಮ್ಮ ಲೆನ್ಸ ನಿನಗ ಬ್ಯಾಡಾದ್ವೇನು?" ಎಂದ.

ನಿಜ ಹೇಳಿದರೆ ಸುದ್ದಿ ಬಸ್ಸಿಗಿಂತ ಮೊದಲು ನಾಲ್ಕೂ ಊರು ಮುಟ್ಟುತ್ತದೆ. ಕೈ ನಡುಗುವವನನ್ನು ಯಾರು ಮದುವೆಗೆ ಕರೆಯುತ್ತಾರೆ? ಬಣ್ಣ ಚಲೋ ಬರುತ್ತದೆ ಎಂದು ಸುಳ್ಳು ಹೇಳಿದೆ. ಆ ಸೀಜನ್ನಿನಲ್ಲಿ ಯಾರ ಲೆನ್ಸೂ ನನ್ನ ಊರಿಗೆ ಬರಲಿಲ್ಲ.

ಕ್ಯಾಮೆರಾ ತನ್ನ ಮಾತು ಉಳಿಸಿಕೊಂಡಿತು. ಅದರೊಳಗಿಂದ ನೋಡಿದರೆ ಲೋಕವೆಲ್ಲ ನೆಟ್ಟಗೆ ನಿಂತಿರುತ್ತಿತ್ತು, ಕೆಳಗಿಳಿಸಿದರೆ ನನ್ನ ಕೈ ಮೊದಲಿನಂತೆಯೇ. ಗದ್ದ ಎತ್ತಿಸುವುದು, ಸೆರಗು ಸರಿಮಾಡಿಸುವುದು ಎಲ್ಲವನ್ನೂ ದೂರದಿಂದ ಬಾಯಿಯಲ್ಲೇ ಮುಗಿಸುವುದನ್ನು ಕಲಿತೆ. ಸಾಹೇಬ ಆಗ್ಯಾನ ಎಂದು ಮಂದಿ ಆಡಿಕೊಂಡರು. ಆಡಿಕೊಳ್ಳಲಿ ಎಂದುಕೊಂಡೆ.

ಈ ವರ್ಷ ಮೋರಟಗಿಯ ಒಂದು ಮದುವೆ. ಮನೆಯ ಹಿರಿಯ ಆಯಿಯದು ಗೋಡೆಗೆ ಹಾಕುವಂಥ ಒಂದು ಫೋಟೋ ಬೇಕೆಂದು ಅವಳ ಮಗ ಒಳಗೆ ಕರೆದ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು, ಕೈ ಎರಡೂ ಸೆರಗಿನೊಳಗೆ. ಕಣ್ಣಿನ ಆಪರೇಷನ್ ಆಗಿದೆ, ಫ್ಲ್ಯಾಶ್ ಬೇಡ ಎಂದ ಮಗನನ್ನು ಅಷ್ಟರಲ್ಲಿ ಊಟದ ಪಂಕ್ತಿಗೆ ಯಾರೋ ಕೂಗಿದರು. ಆಯಿಯ ಚಸ್ಮಾ ಒಂದು ಕಡೆ ಜಾರಿತ್ತು. ಸರಿಮಾಡಲು ಹತ್ತಿರ ಯಾರೂ ಇಲ್ಲ. ನಾನೇ ಹೋದೆ. ಚಸ್ಮಾದ ಕಡ್ಡಿ ನನ್ನ ಬೆರಳಲ್ಲಿ ಅವಳ ಕಿವಿಗೆ ತಟ್ಟತಟ್ಟ ಬಡಿಯಿತು.

ಅವಳು ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ನನ್ನ ಕೈ ಹಿಡಿದಳು. ಅದು ನನ್ನದಕ್ಕಿಂತ ಜೋರಾಗಿ ಅಲುಗುತ್ತಿತ್ತು.

"ನಂದೂ ಹಿಂಗ ಹೆಬ್ಬಟ್ಟಿನಿಂದ ಸುರು ಆತೋ ತಮ್ಮಾ," ಎಂದಳು ಮೆಲ್ಲಗೆ. "ಈಗ ಸೊಸಿ ಉಣಸ್ತಾಳ. ನೀ ಮನ್ಯಾಗ ಹೇಳೀಯೇನು?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನ ಕೈ ಬಿಟ್ಟಳು. ನಾನು ಹಿಂದೆ ಸರಿದು ಫೋಟೋ ತೆಗೆದೆ. ಬೆಳಕು ಕಡಿಮೆ, ಶಟರ್ ನಿಧಾನ. ಅವಳು ಕೈಯನ್ನು ಮತ್ತೆ ಮುಚ್ಚಿಟ್ಟುಕೊಳ್ಳದೆ ತೊಡೆಯ ಮೇಲೆ ಬಿಟ್ಟಿದ್ದಳು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆ. ಮುಖದ ಒಂದೊಂದು ಗೆರೆ, ಇಳಕಲ್ ಸೀರೆಯ ದಡಿ, ಹಿಂದಿನ ಕಂಬದ ಬಿರುಕು ಎಲ್ಲ ಸ್ಪಷ್ಟ. ತೊಡೆಯ ಮೇಲೆ ಕೈ ಇರಬೇಕಾದಲ್ಲಿ ಮಾತ್ರ ಬೂದಿ ಬಣ್ಣದ ಹೊಗೆ. ಕ್ಯಾಮೆರಾ ನಿಲ್ಲಿಸುವುದು ಹಿಡಿದವನ ಕೈಯನ್ನು. ಎದುರಿಗೆ ಕೂತವರದು ಅದರ ಕೈಯಲ್ಲಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಅದನ್ನೇ ನೋಡುತ್ತ ಕೂತೆ. ಇನ್ನೆಷ್ಟು ದುಬಾರಿಯದು ತಂದರೂ ನಾನು ಆ ಕುರ್ಚಿಯ ಕಡೆಗೇ ನಡೆಯುತ್ತಿದ್ದೇನೆ ಅನ್ನಿಸಿತು. ಅವಳ ಮಗ ಫೋನ್ ಮಾಡಿ, ಫೋಟೋದಲ್ಲಿ ಅವ್ವನ ಕೈ ಕಾಣದ ಹಾಗೆ ಮಾಡಿಕೊಡಿ ಎಂದ. ಆಗಲಿ ಎಂದೆ. ಚಿಟಿಕೆ ಹೊಡೆಯುವುದರಲ್ಲಿ ಆಗುವ ಕೆಲಸ, ನನ್ನಿಂದ ಆಗಲಿಲ್ಲ.

ಹೆಂಡತಿಯನ್ನು ಕರೆದು ಆ ಫೋಟೋ ತೋರಿಸಿದೆ. ಬಲಗೈಯನ್ನು ಎತ್ತಿ ಪರದೆಯ ಪಕ್ಕದಲ್ಲಿ, ಟೇಬಲ್ಲಿನ ಮೇಲೆ ಇಟ್ಟೆ. ಅದು ತನ್ನ ಪಾಡಿಗೆ ಕುಣಿಯಿತು. ಅವಳು ಫೋಟೋ ನೋಡಲೇ ಇಲ್ಲ.

"ದೀಪಾವಳಿಯಿಂದ ನಿಮಗ ಅರ್ಧಾ ಕಪ್ಪ ಚಾ ಹಾಕಾಕತ್ತೇನ್ರಿ," ಎಂದಳು. "ಯಾಕಂತ ಒಮ್ಮ್ಯಾರ ಕೇಳೀರೇನು?"

ಕೇಳಿರಲಿಲ್ಲ. ಹಾಲು ತುಟ್ಟಿಯಾಗಿರಬೇಕು ಅಂದುಕೊಂಡು ಸುಮ್ಮನೆ ಕುಡಿಯುತ್ತಿದ್ದೆ.