ಮಗಳ ತೊಡೆಯೊಳಗೆ ಎರಡು ಕಂಬಿ

ದೊಡ್ಡನೆಕ್ಕುಂದಿಯಲ್ಲಿ ನಮ್ಮದು ಮೂರು ಮಹಡಿಯ ಮನೆ. ಕೆಳಗೆ ರಸ್ತೆಗೆ ಮುಖ ಮಾಡಿ ನನ್ನ ಹೊಲಿಗೆ ಅಂಗಡಿ, ಅದರ ಹಿಂದೆ ನಾವು, ಮೇಲೆಲ್ಲ ಬಾಡಿಗೆಯವರು. ಆ ಬಾಡಿಗೆಯವರ ಮಕ್ಕಳಿಗೆಲ್ಲ ನನ್ನ ಎಂಟು ವರ್ಷದ ಮಗಳು ಹೇಳಿದ್ದೇ ಮಾತು. ಮೆಟ್ಟಿಲಿನ ಸ್ಟೀಲ್ ಕಂಬಿಯ ಮೇಲೆ ಜಾರಿ ಇಳಿಯುವುದನ್ನು ಅವರಿಗೆ ಕಲಿಸಿದವಳೂ ಅವಳೇ. ಒಂದು ಶನಿವಾರ ಮಧ್ಯಾಹ್ನ ಹಾಗೆ ಜಾರುತ್ತಾ ತಿರುವಿನಲ್ಲಿ ಹಿಡಿತ ತಪ್ಪಿ ಕೆಳಗೆ ಬಿದ್ದಳು.

ಸದ್ದು ಕೇಳಿ ಓಡಿದೆ. ಅವಳ ಎಡತೊಡೆ ನಡುವೆ ಬಾಗಿತ್ತು. ಎತ್ತಿಕೊಳ್ಳಲು ಬಗ್ಗಿದ ನನ್ನನ್ನು ಮಾವನವರು ತಡೆದರು.

"ಎತ್ಬ್ಯಾಡ ಕಣಮ್ಮ. ನೀನು ಬಟ್ಟೆ ಅಳೀತೀಯಲ್ಲ, ಆ ಮರದ ಸ್ಕೇಲ್ ತಗಂಬಾ. ಒಂದೆರಡು ದುಪಟ್ಟಾನೂ ತಾ."

ಸೊಂಟದಿಂದ ಪಾದದವರೆಗೆ ಸ್ಕೇಲನ್ನಿಟ್ಟು, ಮುರಿದ ಕಾಲನ್ನು ಇನ್ನೊಂದು ಕಾಲಿಗೆ ಸೇರಿಸಿ, ಮೂರ‍್ನಾಲ್ಕು ಕಡೆ ಮೆತ್ತಗೆ ಕಟ್ಟಿದರು. ಎರಡನೇ ಮಹಡಿಯಲ್ಲಿದ್ದ ಸಾಫ್ಟ್‌ವೇರ್ ದಂಪತಿ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಉದ್ದಕ್ಕೆ ಮಲಗಿಸಿದರು. ಅವಳ ತಲೆ ನನ್ನ ಮಡಿಲಲ್ಲಿತ್ತು, ಮಾವ ಮುಂದಿನ ಸೀಟಿನಲ್ಲಿ ಕುಳಿತರು. ಮಾರತ್ತಹಳ್ಳಿ ಸೇತುವೆಯ ಹತ್ತಿರ ಎಂದಿನಂತೆ ವಾಹನಗಳು ನಿಂತೇ ಇದ್ದವು. ಆ ಇಪ್ಪತ್ತು ನಿಮಿಷ ನಾನು ಎಲ್ಲ ದೇವರನ್ನೂ ಕರೆದೆ. ಮಗಳು ಮಾತ್ರ ನೋವಿನ ನಡುವೆಯೂ, "ಸೋಮವಾರ ಸ್ಕೂಲಿಗೆ ಹೋಗ್ಬೇಕಾ?" ಎಂದು ಕೇಳಿದಳು.

ಆಸ್ಪತ್ರೆಯಲ್ಲಿದ್ದ ಮೂಳೆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಸ್ಕೇಲನ್ನು ಕಂಡು, "ಯಾರು ಕಟ್ಟಿದ್ದು? ಚೆನ್ನಾಗಿ ಕಟ್ಟಿದ್ದೀರ" ಎಂದರು. ಮಾವ ಪಂಚೆ ಸರಿಮಾಡಿಕೊಂಡು ನೆಟ್ಟಗೆ ನಿಂತರು.

ಎಕ್ಸ್‌ರೇ ಬಂತು. ತೊಡೆಯ ಮೂಳೆ ಸರಿಯಾಗಿ ನಡುವೆ ಮುರಿದು, ಎರಡು ತುಂಡೂ ಪಕ್ಕಪಕ್ಕಕ್ಕೆ ಸರಿದಿದ್ದವು. ತೀರಾ ಸಣ್ಣ ಮಕ್ಕಳಾದರೆ ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರೆ ಸಾಕು, ಈ ವಯಸ್ಸಿಗೆ ಆಪರೇಷನ್ನೇ ಒಳ್ಳೆಯದು ಎಂದರು ಡಾಕ್ಟರು. ಮೊಣಕಾಲಿನ ಸ್ವಲ್ಪ ಮೇಲೆ ಎರಡೂ ಬದಿಯಲ್ಲಿ ಸಣ್ಣದಾಗಿ ಕೊಯ್ದು, ಮೂಳೆಯೊಳಗೆ ಎರಡು ತೆಳ್ಳನೆಯ ಬಾಗುವ ಕಂಬಿಗಳನ್ನು ತೂರಿಸುತ್ತಾರಂತೆ. ನನಗೆ ತಟ್ಟನೆ ಹೊಳೆದದ್ದು ನನ್ನ ಕಸುಬು.

"ಪೈಜಾಮಕ್ಕೆ ಲಾಡಿ ಪೋಣಿಸ್ತೀವಲ್ಲ ಮೇಡಂ, ಹಂಗಾ?"

ಡಾಕ್ಟರು ನಕ್ಕರು. "ಹೆಚ್ಚುಕಮ್ಮಿ ಹಂಗೇ. ಆದ್ರೆ ನಮ್ದು ಒಳಗೆ ಸುಕ್ಕಾಗೋ ಹಂಗಿಲ್ಲ."

ಅರ್ಥವಾಯಿತು, ಭಯ ಹೋಗಲಿಲ್ಲ. ಸುದ್ದಿ ತಿಳಿದು ಪೀಣ್ಯದ ಡ್ಯೂಟಿಯಿಂದ ಹೊರಟಿದ್ದ ಗಂಡನಿಗೆ ಫೋನ್ ಮಾಡಿದರೆ, "ದಾರೀಲಿದೀನಿ, ಅಪ್ಪನ್ನ ಕೇಳು" ಎಂದರು. ಪ್ಲಾಸ್ಟರೇ ಹಾಕಿಸೋಣ ಎಂದು ನಾನು ಹಟ ಹಿಡಿದೆ. ಆಗ ಮಾವ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು.

"ನಾನು ಕುಂಟೋದು ಯಾಕೆ ಗೊತ್ತಾ?"

ವಾತದಿಂದ ಎಂದೇ ಇಷ್ಟು ವರ್ಷ ನಂಬಿದ್ದೆ.

"ಇವಳಷ್ಟೇ ಇದ್ದೆ. ಎತ್ತಿನ ಗಾಡಿಯಿಂದ ಬಿದ್ದು ತೊಡೆ ಮುರೀತು. ಬಿದಿರು ದಬ್ಬೆ ಕಟ್ಟಿ ಮೂರು ತಿಂಗ್ಳು ಮಲಗ್ಸಿದ್ರು. ಮೂಳೆ ಕೂಡ್ಕಂತು, ಆದ್ರೆ ಒಂದ್ರ ಮೇಲೊಂದು ಏರ‍್ಕಂಡು ಕೂಡ್ಕಂತು. ಕಾಲು ಒಂದಿಂಚು ಗಿಡ್ಡ ಆಯ್ತು. ಅದಕ್ಕೇ ನಾನು ಪ್ಯಾಂಟ್ ಆಕಾಕಿಲ್ಲ, ಬರೀ ಪಂಚೆ. ಈ ಮಗಾ ಎಲ್ಲಾ ತರದ ಬಟ್ಟೆ ಆಕ್ಕಳ್ಳಿ ಕಣಮ್ಮ. ಸೈನ್ ಮಾಡು."

ಮಾಡಿದೆ.

ಮರುದಿನ ಬೆಳಿಗ್ಗೆ ಆಪರೇಷನ್. ಗಂಡ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಮಾವ ಪಕ್ಕದಲ್ಲಿ ಕುಳಿತವರಿಗೆಲ್ಲ ಕಂಬಿ ಪೋಣಿಸುವ ಬಗೆಯನ್ನು ತಾವೇ ಕಂಡುಹಿಡಿದವರ ಹಾಗೆ ವಿವರಿಸಿದರು. ಎಚ್ಚರವಾದ ಮೇಲೆ ಮಗಳು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ: "ಸ್ನಾನ ಮಾಡಿದ್ರೆ ಒಳಗಡೆ ತುಕ್ಕು ಹಿಡಿಯಲ್ವಾ?" ಹಿಡಿಯುವುದಿಲ್ಲ ಎಂದು ಕೇಳಿ ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಸ್ನಾನ ತಪ್ಪಿಸುವ ದಾರಿ ಮುಚ್ಚಿತ್ತು.

ಮನೆಗೆ ಬಂದ ಮೇಲೆ ಅಂಗಡಿಯಲ್ಲೇ ಅವಳಿಗೊಂದು ಮಂಚ ಹಾಕಿದೆ. ಬಂದ ಗಿರಾಕಿಗಳೆಲ್ಲ ಅವಳ ಕಥೆ ಕೇಳಲೇಬೇಕು. ಪ್ರತಿ ಸಲಕ್ಕೂ ಅವಳು ಬಿದ್ದ ಎತ್ತರ ಹೆಚ್ಚುತ್ತಾ ಹೋಗಿ, ಒಬ್ಬರಿಗೆ ಟೆರೇಸಿನಿಂದಲೇ ಬಿದ್ದೆ ಎಂದು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ವಾಕರ್ ಹಿಡಿದು ನಡೆಯುವ ದಿನಗಳು ಬಂದಾಗ ಮಾವನೇ ಮೇಷ್ಟ್ರು. ಅಂಗಡಿಯಿಂದ ಗೇಟಿನವರೆಗೆ ಇಬ್ಬರೂ ಒಟ್ಟಿಗೆ ಹೋಗಿಬರುತ್ತಿದ್ದರು. ಮಾವ ಬಲಕ್ಕೆ ವಾಲಿದರೆ ಇವಳು ಎಡಕ್ಕೆ.

"ತಾತ, ನೀನು ಸರಿಯಾಗಿ ನಡಿ. ನಿನ್ನ ನೋಡ್ಕಂಡು ನನಗೂ ಹಂಗೇ ಆಗುತ್ತೆ" ಎಂದು ಗದರುತ್ತಿದ್ದಳು.

"ನಂದು ಅಳೇ ಮಾಡೆಲ್ಲು ಕಣವ್ವ, ಬುಡು" ಎನ್ನುತ್ತಿದ್ದರು ಅವರು.

ಆರು ವಾರಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಹೊಸ ಮೂಳೆ ಹತ್ತಿಯುಂಡೆಯಂತೆ ಬೆಳೆದಿತ್ತು. ವರ್ಷ ತುಂಬುವ ಮೊದಲೇ ಮತ್ತೊಂದು ಸಣ್ಣ ಆಪರೇಷನ್ ಮಾಡಿ ಕಂಬಿಗಳನ್ನು ತೆಗೆದರು. ಆ ದಿನ ಅವಳೇ ಸ್ಟ್ರೆಚರ್ ಹತ್ತಿ ಮಲಗಿ ನಮಗೆ ಟಾಟಾ ಮಾಡಿದಳು. ಎರಡೂ ಕಾಲನ್ನು ಅಳೆದ ಡಾಕ್ಟರು, ಮುರಿದ ಕಾಲೇ ಒಂದು ಕೂದಲೆಳೆ ಉದ್ದವಿದೆ, ಮಕ್ಕಳಲ್ಲಿ ಹೀಗಾಗುವುದುಂಟು, ಚಿಂತೆಯಿಲ್ಲ ಎಂದರು.

ಈ ಸಲ ಶಾಲೆಯ ಓಟದ ಪಂದ್ಯಕ್ಕೆ ಹೆಸರು ಕೊಟ್ಟಳು. ಅವಳು ಓಡುವಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಬಂದದ್ದು ನಾಲ್ಕನೆಯವಳಾಗಿ. ಪಕ್ಕದ ಸಾಲಿನವಳು ಸೀಟಿ ಊದುವ ಮೊದಲೇ ಓಡಿದಳೆಂದು ದಾರಿಯುದ್ದಕ್ಕೂ ಜಗಳವಾಡುತ್ತಾ, ನಮಗಿಂತ ಹತ್ತು ಹೆಜ್ಜೆ ಮುಂದೆ ಮನೆ ಕಡೆ ನಡೆದಳು.